ಅರ್ಜಿ ಹಾಕುವುದಕ್ಕೆ ಮೊದಲು: ಮಲೆನಾಡಿನ ಊರಿನಲ್ಲಿ ಆನ್‌ಲೈನ್ ಸಹಾಯ ಮೇಜು ನಡೆಸುವ ಕ್ರಮ

ಪಹಣಿ ಕೈಬರಹದ ಪುಸ್ತಕವನ್ನು ಬಿಟ್ಟು ‘ಭೂಮಿ’ ಯೋಜನೆಯ ಕಂಪ್ಯೂಟರ್ ಸೇರಿ ಎರಡು ದಶಕಗಳು ಕಳೆದಿವೆ. ನಿಗದಿತ ದಿನಗಳೊಳಗೆ ಸೇವೆ ಕೊಡಬೇಕೆಂಬ ಸಕಾಲ ವ್ಯವಸ್ಥೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಆರಂಭವಾಯಿತು. ಅದರ ಬೆನ್ನಿಗೆ ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕುವ ಜಾಲತಾಣ ಸೇವಾ ಸಿಂಧು ಬಂತು, 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಹಳ್ಳಿಗಳಿಗೆ ಬಂದವು. ಇಷ್ಟಾದರೂ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಬೆಳಗಿನ ಮೊದಲ ಬಸ್ಸಿನಿಂದ ಇಳಿಯುವವರ ಕೈಯಲ್ಲಿ ಜೆರಾಕ್ಸ್ ಪ್ರತಿಗಳು ತುಂಬಿದ ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅವರಲ್ಲಿ ಅನೇಕರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಅದು ತಿರಸ್ಕೃತವಾಗಿ, ಕಾರಣ ತಿಳಿಯದೆ ಕಚೇರಿಗೆ ಬಂದವರು.

ಊರಿನ ಗ್ರಂಥಾಲಯದ ಒಂದು ಮೂಲೆಯಲ್ಲಿ ಕುಳಿತು ಅಕ್ಕಪಕ್ಕದವರ ಅರ್ಜಿಗಳನ್ನು ತುಂಬಿಸಿಕೊಡುವ ಕೆಲಸದಿಂದ ನನಗೆ ತಿಳಿದದ್ದು ಇಷ್ಟು: ಅರ್ಜಿ ಕೆಡುವುದು ಹೆಚ್ಚಾಗಿ ಜಾಲತಾಣದಲ್ಲಲ್ಲ, ಜಾಲತಾಣ ತೆರೆಯುವುದಕ್ಕೆ ಬಹಳ ಮೊದಲು, ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಪತ್ರಗಳಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅರ್ಜಿಗೆ ಮೊದಲಿನ ಕೆಲಸವನ್ನು ಕುರಿತದ್ದಾಗಿದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರು, ಸ್ವಸಹಾಯ ಸಂಘದ ಸದಸ್ಯೆಯರು, ಕಾಲೇಜು ಮುಗಿಸಿ ಊರಿನಲ್ಲಿರುವ ಯುವಕ ಯುವತಿಯರು, ವಾರಕ್ಕೆ ಎರಡು ಗಂಟೆಯಾದರೂ ಇದಕ್ಕೆ ಕೊಡಬಲ್ಲ ಯಾರಾದರೂ ಇದನ್ನು ಅನುಸರಿಸಬಹುದು.

ಮೊದಲ ಹೆಜ್ಜೆ: ಸ್ಥಳ, ಸಮಯ, ಮಳೆಗಾಲ

ಜನರಿಗೆ ಈಗಾಗಲೇ ಅಭ್ಯಾಸವಿರುವ ಜಾಗದಲ್ಲಿಯೇ ಮೇಜು ಹಾಕಬೇಕು. ಅರಿವು ಕೇಂದ್ರ, ಹಾಲಿನ ಡೇರಿಯ ಪಕ್ಕದ ಕೋಣೆ, ಸೊಸೈಟಿಯ ಜಗಲಿ ಇವೆಲ್ಲವೂ ಆಗುತ್ತವೆ. ಸಂತೆಯ ದಿನ ತಾಲ್ಲೂಕು ಕೇಂದ್ರಕ್ಕೆ ಹೋಗುವವರು ಹೆಚ್ಚಿರುವುದರಿಂದ ಅದರ ಹಿಂದಿನ ದಿನ ಸಂಜೆ ಮೇಜು ತೆರೆದರೆ, ಯಾರು ನಿಜವಾಗಿಯೂ ಕಚೇರಿಗೆ ಹೋಗಲೇಬೇಕು, ಯಾರ ಕೆಲಸ ಇಲ್ಲಿಯೇ ಮುಗಿಯುತ್ತದೆ ಎಂಬುದನ್ನು ಹೊರಡುವ ಮೊದಲೇ ಹೇಳಬಹುದು. ಮಲೆನಾಡಿನಲ್ಲಿ ಇದು ಸಣ್ಣ ಉಪಕಾರವಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಸಾಗರದ ಕಚೇರಿಗೆ ಹೋಗಲು ಲಾಂಚ್ ಕಾಯಬೇಕಿತ್ತು. ಸೇತುವೆ ಬಂದ ಮೇಲೂ ಒಂದು ಸಹಿಗಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಇನ್‌ವರ್ಟರ್ ಇರುವ ಕಟ್ಟಡ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿಯೊಂದು ಸೇವೆಯ ಅರ್ಜಿಯಲ್ಲಿ ಕೇಳುವ ವಿವರಗಳನ್ನು ಅದೇ ಅನುಕ್ರಮದಲ್ಲಿ ಒಂದು ಕಾಗದದ ಮೇಲೆ ಮುದ್ರಿಸಿಟ್ಟುಕೊಂಡು, ಬಂದವರಿಂದ ಅದನ್ನು ಪೆನ್ನಿನಲ್ಲಿ ತುಂಬಿಸಿಕೊಳ್ಳಬೇಕು, ನೆಟ್‌ವರ್ಕ್ ಬಂದಾಗ ಅದನ್ನು ನೋಡಿ ಟೈಪ್ ಮಾಡಬೇಕು. ಇದು ಇಮ್ಮಡಿ ಕೆಲಸವೆಂದು ಕಂಡರೂ ಹಾಗಲ್ಲ, ಏಕೆಂದರೆ ಪರದೆಯ ಮುಂದೆ ಯೋಚಿಸುತ್ತ ಕುಳಿತಾಗ ಲಾಗಿನ್ ಅವಧಿ ಮುಗಿದು ತುಂಬಿದ್ದೆಲ್ಲ ಅಳಿಸಿಹೋಗುವ ಕಾಟ ಇದರಿಂದ ತಪ್ಪುತ್ತದೆ. ‘ಸರ್ವರ್ ಡೌನ್’ ಎಂಬ ಮಾತು ಮಧ್ಯಾಹ್ನದ ಹೊತ್ತಿಗೇ ಹೆಚ್ಚು ಕೇಳಿಬರುವುದರಿಂದ ಬೆಳಿಗ್ಗೆ ಕಚೇರಿಗಳು ತೆರೆಯುವ ಮುನ್ನ ಅಥವಾ ರಾತ್ರಿ ಊಟದ ನಂತರ ಅರ್ಜಿ ಸಲ್ಲಿಸುವುದು ಲೇಸು.

ಎರಡನೆಯ ಹೆಜ್ಜೆ: ಊರಿನ ಮೂರು ವಿಳಾಸಗಳ ಫಲಕ

ಬಯಲುಸೀಮೆಯಲ್ಲಿ ಊರೆಂದರೆ ಒಂದೆಡೆ ಸೇರಿದ ಮನೆಗಳು. ಮಲೆನಾಡಿನಲ್ಲಿ ಗುಡ್ಡಕ್ಕೊಂದು, ಕಣಿವೆಗೊಂದು ಎಂಬಂತೆ ಮನೆಗಳು ಚದುರಿರುತ್ತವೆ ಮತ್ತು ಜನರು ತಮ್ಮ ಊರೆಂದು ಹೇಳುವ ಹೆಸರು ಅನೇಕ ವೇಳೆ ಒಂದು ಮಜರೆಯ, ಅಂದರೆ ಕಂದಾಯ ಗ್ರಾಮದೊಳಗಿನ ಸಣ್ಣ ಊರಿನ, ಹೆಸರಾಗಿರುತ್ತದೆ. ಕಂದಾಯ ದಾಖಲೆಯಲ್ಲಿರುವ ಗ್ರಾಮದ ಹೆಸರು ಬೇರೆ, ಪಂಚಾಯಿತಿಯ ಹೆಸರು ಬೇರೆ, ಅಂಚೆ ಕಚೇರಿಯ ಹೆಸರು ಇನ್ನೊಂದು. ಹೋಬಳಿ ಮಟ್ಟದ ಕಂದಾಯ ಕಚೇರಿಯಾದ ನಾಡಕಚೇರಿಯ ಅರ್ಜಿ ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮದಲ್ಲಿ ಕೇಳುತ್ತದೆ. ಪಂಚಾಯಿತಿಯ ಸೇವೆಗಳು ಪಂಚಾಯಿತಿಯ ಹೆಸರಿನಿಂದ ಆರಂಭವಾಗುತ್ತವೆ. ಆಧಾರ್ ವಿಳಾಸ ಪಿನ್ ಕೋಡನ್ನು ಹಿಡಿದು ನಡೆಯುತ್ತದೆ. ಪಟ್ಟಿಯಲ್ಲಿ ತನ್ನ ಊರಿನ ಹೆಸರೇ ಇಲ್ಲವೆಂದು ಗಾಬರಿಯಾಗಿ ಪಕ್ಕದ ಯಾವುದೋ ಹೆಸರನ್ನು ಆರಿಸಿದವರ ಅರ್ಜಿ ಬೇರೆ ಹೋಬಳಿಯ ಉಪ ತಹಶೀಲ್ದಾರರ ಮುಂದೆ ಹೋಗಿ ನಿಲ್ಲುತ್ತದೆ.

ಆದ್ದರಿಂದ ಮೇಜಿನ ಹಿಂದಿನ ಗೋಡೆಗೆ ಒಂದು ಫಲಕ ಬೇಕು. ಎಡಗಡೆ ಪಂಚಾಯಿತಿಗೆ ಸೇರಿದ ಎಲ್ಲ ಮಜರೆಗಳ ರೂಢಿಯ ಹೆಸರುಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಕಂದಾಯ ಗ್ರಾಮ, ಹೋಬಳಿ, ಪಂಚಾಯಿತಿ, ಅಂಚೆ ಕಚೇರಿ, ಪಿನ್ ಕೋಡ್ ಇಷ್ಟನ್ನು ಬರೆಯಬೇಕು. ಕಂದಾಯ ಗ್ರಾಮದ ಹೆಸರನ್ನು ಯಾವುದಾದರೂ ಮನೆಯ ಪಹಣಿಯ ತಲೆಭಾಗದಿಂದಲೇ ತೆಗೆದುಕೊಳ್ಳಬೇಕು, ನೆನಪಿನಿಂದಲ್ಲ. ಈ ಫಲಕವನ್ನು ಗ್ರಾಮ ಆಡಳಿತಾಧಿಕಾರಿಗೆ ಒಮ್ಮೆ ತೋರಿಸಿ ತಿದ್ದಿಸಿಕೊಂಡರೆ ಮುಂದೆ ಯಾರೇ ಮೇಜಿಗೆ ಕುಳಿತರೂ ತಪ್ಪುವುದಿಲ್ಲ.

ಜಿಲ್ಲೆಯ ಹೆಸರಿನದೂ ಒಂದು ತೊಡಕಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ‘ಶಿವಮೊಗ್ಗ’ ಎಂದೇ ಬರೆಯಬೇಕೆಂದಾಯಿತು. ಆದರೆ ಅದಕ್ಕೆ ಮೊದಲು ಮಾಡಿಸಿದ ಅಂಕಪಟ್ಟಿ, ಪಾಸ್‌ಬುಕ್, ವಿಮಾ ಪತ್ರಗಳಲ್ಲಿ ‘ಶಿಮೊಗ’ ಎಂದೇ ಇದೆ, ಕೆಲವು ಆಯ್ಕೆ ಪಟ್ಟಿಗಳಲ್ಲಿಯೂ ಹಳೆಯ ರೂಪ ಉಳಿದುಕೊಂಡಿದೆ. ಎರಡು ರೂಪಗಳನ್ನೂ ಹುಡುಕುವ ಅಭ್ಯಾಸವಿರಲಿ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ‘ಟಿ’ ನಂತರ ‘ಎಚ್’ ಹಾಕಿಯೂ ಹಾಕದೆಯೂ ಬರೆಯುತ್ತಾರೆ, ಸಾಗರ ಮತ್ತು ಸೊರಬದ ಕೊನೆಯ ‘ಎ’ ಕೆಲವೆಡೆ ಇರುತ್ತದೆ, ಕೆಲವೆಡೆ ಇರುವುದಿಲ್ಲ.

ಮೂರನೆಯ ಹೆಜ್ಜೆ: ಹೆಸರು ಹೊಂದಿಸುವುದು

ಇಡೀ ಕೆಲಸದ ಬುಡ ಇದು. ಆದ್ದರಿಂದ ಇಲ್ಲಿ ಅವಸರ ಮಾಡಬಾರದು.

ಪ್ರತಿ ಮನೆಗೆ ಒಂದು ಹಾಳೆಯನ್ನು ತೆಗೆದುಕೊಂಡು, ಅಡ್ಡಲಾಗಿ ಮನೆಯವರ ಹೆಸರುಗಳನ್ನೂ ಉದ್ದಕ್ಕೆ ದಾಖಲೆಗಳನ್ನೂ ಬರೆಯಬೇಕು: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲಾ ವರ್ಗಾವಣೆ ಪತ್ರ, ಪಹಣಿ, ಮತದಾರರ ಚೀಟಿ. ಪ್ರತಿ ಚೌಕದಲ್ಲಿ ಆ ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ತಪ್ಪನ್ನೂ ಸೇರಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನಕಲು ಮಾಡಬೇಕು. ಹಾಗೆ ಬರೆದು ನೋಡಿದಾಗ ಒಬ್ಬರೇ ಹೆಂಗಸು ಒಂದರಲ್ಲಿ ‘ಸುಶೀಲ’, ಇನ್ನೊಂದರಲ್ಲಿ ‘ಸುಶೀಲಮ್ಮ’, ಮತ್ತೊಂದರಲ್ಲಿ ‘ಸುಶೀಲಾ ಕೋಂ’ ಎಂದು ಮುಂದೆ ಗಂಡನ ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತಾರೆ. ಗಂಡಸರ ವಿಷಯದಲ್ಲಿ ಇನಿಷಿಯಲ್ ಹಿಂದೆಯೋ ಮುಂದೆಯೋ ಎಂಬುದು, ‘ಗೌಡ’, ‘ನಾಯ್ಕ’, ‘ಭಟ್ಟ’ ಎಂಬ ಕೊನೆಯ ಪದ ಇದೆಯೋ ಇಲ್ಲವೋ ಎಂಬುದು ಸಾಮಾನ್ಯ ವ್ಯತ್ಯಾಸ. ಊರಿನವರಿಗೆ ಇವೆಲ್ಲ ಒಬ್ಬರೇ. ದಾಖಲೆಯನ್ನು ದಾಖಲೆಯ ಜೊತೆ ಹೋಲಿಸುವ ಯಂತ್ರಕ್ಕೆ ಇವರು ನಾಲ್ಕು ಜನ.

ಹಾಳೆ ತುಂಬಿದ ಮೇಲೆ ಯಾವುದನ್ನು ಮೂಲವೆಂದು ಇಟ್ಟುಕೊಳ್ಳಬೇಕೆಂಬ ತೀರ್ಮಾನ ಬೇಕು. ಓದಿದವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಮೂಲವಾಗಿಡುವುದು ನನ್ನ ಪದ್ಧತಿ, ಏಕೆಂದರೆ ಅದನ್ನು ತಿದ್ದುವುದು ಬಹಳ ಕಷ್ಟ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರವಾಗುವುದರಿಂದ, ಅದರಲ್ಲಿ ಮಗುವಿನ ಮತ್ತು ತಂದೆತಾಯಿಯರ ಹೆಸರು ಮೊದಲ ದಿನವೇ ಸರಿಯಾಗಿ ಬೀಳುವಂತೆ ನೋಡಿಕೊಳ್ಳಬೇಕು. ಹುಟ್ಟಿದ 21 ದಿನಗಳೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಓದದ ಹಿರಿಯರಿಗೆ, ಜಮೀನಿದ್ದರೆ, ಪಹಣಿಯ ಹೆಸರಿಗೆ ಹತ್ತಿರವಾದ ರೂಪವನ್ನು ಆಧಾರ್‌ನಲ್ಲಿ ಇಡುವುದು ಒಳ್ಳೆಯದು.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ, ಜನ್ಮ ದಿನಾಂಕವನ್ನು ಒಂದೇ ಬಾರಿ ಬದಲಾಯಿಸಬಹುದು. ಯಾವುದೋ ಯೋಜನೆಯ ಕೊನೆಯ ದಿನ ಬಂತೆಂದು ಅವಸರದಲ್ಲಿ ಹೆಸರು ತಿದ್ದಿಸಿಕೊಂಡು, ಮರುವರ್ಷ ಇನ್ನೊಂದು ಯೋಜನೆಗಾಗಿ ಮತ್ತೆ ತಿದ್ದಿಸಿಕೊಂಡರೆ ಆ ಲೆಕ್ಕ ಮುಗಿದುಹೋಗುತ್ತದೆ. ಹಾಳೆಯನ್ನು ಪೂರ್ತಿ ತುಂಬುವವರೆಗೂ ಯಾರನ್ನೂ ತಿದ್ದುಪಡಿಗೆ ಕಳುಹಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಒಮ್ಮೆ ನಾನೇ ಹಿರಿಯರೊಬ್ಬರನ್ನು ಪಾಸ್‌ಬುಕ್ಕಿನ ಹೆಸರಿಗೆ ತಕ್ಕಂತೆ ಆಧಾರ್ ತಿದ್ದಿಸಲು ಕಳುಹಿಸಿದ್ದೆ. ಪಹಣಿಯಲ್ಲಿ ಹಳೆಯ ಹೆಸರೇ ಸರಿಯಾಗಿತ್ತೆಂಬುದು ಅವರು ತಿದ್ದಿಸಿಕೊಂಡು ಬಂದ ಮೇಲೆ ತಿಳಿಯಿತು.

ಕನ್ನಡದಲ್ಲಿ ಟೈಪ್ ಮಾಡುವಾಗ ಇನ್ನೂ ಒಂದು ಎಚ್ಚರಿಕೆ ಬೇಕು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಠ್ಯವನ್ನು ಜಾಲತಾಣದ ಅರ್ಜಿಯಲ್ಲಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಬೇಕು. ಇಂಗ್ಲಿಷ್ ಹೆಸರನ್ನು ತಾನಾಗಿಯೇ ಕನ್ನಡಕ್ಕೆ ತಿರುಗಿಸುವ ಅರ್ಜಿಗಳೂ ಇವೆ. ಅವುಗಳಲ್ಲಿ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’, ಹ್ರಸ್ವ ಮತ್ತು ದೀರ್ಘ ಅದಲುಬದಲಾಗುವುದು ಸಾಮಾನ್ಯ. ಮುದ್ರಿತ ಪ್ರಮಾಣಪತ್ರ ಕೈಗೆ ಬಂದ ಮೇಲೆ ನೋಡುವುದಕ್ಕಿಂತ, ಸಲ್ಲಿಸುವ ಗುಂಡಿ ಒತ್ತುವ ಮೊದಲು ಅರ್ಜಿದಾರರಿಗೆ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿ ಹೇಳಬೇಕು.

ನಾಲ್ಕನೆಯ ಹೆಜ್ಜೆ: ಮೊಬೈಲ್ ಸಂಖ್ಯೆ, ಬೆರಳಚ್ಚು, ಬ್ಯಾಂಕ್ ಖಾತೆ

ಒಟಿಪಿ ಬರುವ ಮೊಬೈಲ್ ಯಾರ ಕೈಯಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಅನೇಕ ಮನೆಗಳಲ್ಲಿ ತಂದೆತಾಯಿಯ ಆಧಾರ್‌ಗೆ ಸೇರಿಸಿರುವುದು ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ. ಮೇಜಿನಿಂದ ಮಗನಿಗೆ ಕರೆ ಮಾಡಿ, ಅವನು ಮೀಟಿಂಗ್ ಮುಗಿಸಿ ಸಂದೇಶ ನೋಡುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಊರಿನಲ್ಲಿಯೇ ಇರುವ, ಸಿಗ್ನಲ್ ಸಿಗುವ ಕಂಪನಿಯ ಒಂದು ಸಂಖ್ಯೆಯನ್ನು ಆಧಾರ್‌ಗೆ ಸೇರಿಸಿಕೊಳ್ಳುವುದು ಮನೆಯವರು ಮಾಡಬೇಕಾದ ಮೊದಲ ಬದಲಾವಣೆ. ಇದಕ್ಕೆ ಆಧಾರ್ ಕೇಂದ್ರಕ್ಕೆ ಹೋಗಬಹುದು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಬಾಗಿಲಿನಲ್ಲಿಯೇ ಮೊಬೈಲ್ ಸಂಖ್ಯೆ ಸೇರಿಸಿಕೊಡುವ ಸೇವೆ 2021ರಲ್ಲಿ ಆರಂಭವಾಗಿದೆ. ನಡೆಯಲಾಗದವರಿರುವ ಮನೆಗಳಿಗೆ ಅದೇ ಅನುಕೂಲ. ಆಧಾರ್ ಕುರಿತ ಸಂದೇಹಗಳಿಗೆ 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉತ್ತರ ಸಿಗುತ್ತದೆ.

ಅಡಿಕೆ ಸುಲಿಯುವವರ, ತೋಟದಲ್ಲಿ ಗುದ್ದಲಿ ಹಿಡಿಯುವವರ ಬೆರಳ ಗೆರೆಗಳು ಸವೆದಿರುತ್ತವೆ, ಸುಗ್ಗಿಯ ತಿಂಗಳುಗಳಲ್ಲಿ ಅಡಿಕೆ ಬೇಯಿಸಿದ ಚೊಗರಿನ ಕಪ್ಪು ಅಂಟಿಕೊಂಡಿರುತ್ತದೆ. ಬೆರಳಚ್ಚು ಹೊಂದದಿದ್ದರೆ ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ಬೇರೆ ಬೆರಳುಗಳನ್ನು ಒಂದೊಂದಾಗಿ ಪ್ರಯತ್ನಿಸಬೇಕು. ಆಗಲೂ ಆಗದಿದ್ದರೆ ಕಣ್ಣಿನ ಪಾಪೆ, ಮುಖ ಅಥವಾ ಒಟಿಪಿಯ ದಾರಿಗಳಲ್ಲಿ ಯಾವುದು ಆ ಸೇವೆಯಲ್ಲಿದೆ ಎಂದು ನೋಡಬೇಕು. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಬೆರಳಚ್ಚು ನವೀಕರಿಸುವುದು ಕಡ್ಡಾಯವಾಗಿದ್ದು, ವಿದ್ಯಾರ್ಥಿವೇತನದ ಅರ್ಜಿಯ ಹೊತ್ತಿಗೆ ಇದು ನೆನಪಾಗುವುದಕ್ಕಿಂತ ಬೇಸಿಗೆ ರಜೆಯಲ್ಲಿಯೇ ಮುಗಿಸುವುದು ಮೇಲು.

ಹಣ ಯಾವ ಖಾತೆಗೆ ಬರುತ್ತದೆ ಎಂಬುದನ್ನೂ ಇಲ್ಲಿಯೇ ನೋಡಿಬಿಡಬೇಕು. ಆಧಾರ್ ಆಧಾರಿತ ನೇರ ಪಾವತಿಗಳು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ; ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ಕೊನೆಯದಾಗಿ ಆಧಾರ್ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತವೆ. ‘ದುಡ್ಡು ಬಂದಿಲ್ಲ’ ಎಂದು ಹೇಳಿಕೊಂಡು ಬರುವವರಲ್ಲಿ ಕೆಲವರ ಹಣ, ಅವರೇ ಮರೆತ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಕುಳಿತಿರುತ್ತದೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡುವ ಅವಕಾಶವಿದ್ದು, ಅಲ್ಲಿ ಬ್ಯಾಂಕಿನ ಹೆಸರು ತಿಳಿಯುತ್ತದೆ.

ಐದನೆಯ ಹೆಜ್ಜೆ: ಜಮೀನಿನ ಸರಪಳಿ

ರೈತರಿಗೆ ಸಂಬಂಧಿಸಿದ ಯಾವ ಸೇವೆಯೂ ಒಂಟಿಯಾಗಿಲ್ಲ, ಒಂದಕ್ಕೊಂದು ಕೊಂಡಿಯಾಗಿವೆ. ಪಹಣಿಯಲ್ಲಿ ಹೆಸರಿದ್ದರೆ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಆ ಸರ್ವೆ ನಂಬರ್ ಸೇರಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಆಗುತ್ತದೆ, ಎಫ್‌ಐಡಿ ಇದ್ದರೆ ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ, ಇಲಾಖೆಯ ಸಹಾಯಧನ. ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಎಂದು ದಾಖಲಾಗಿದ್ದರೆ ಅಡಿಕೆಯ ವಿಮೆಗೆ ತೊಂದರೆಯಿಲ್ಲ. ಒಂದು ಕೊಂಡಿ ಕಳಚಿದರೂ ಮುಂದಿನದು ನಿಲ್ಲುತ್ತದೆ. ಆದರೆ ಪರದೆಯ ಮೇಲೆ ಬರುವ ಸಂದೇಶ ಕೊನೆಯ ಕೊಂಡಿಯ ಬಗ್ಗೆ ಮಾತ್ರ ಹೇಳುತ್ತದೆ. ಆದ್ದರಿಂದ ವಿಮೆಯ ಅರ್ಜಿ ನಿಂತಿದೆ ಎಂದು ಯಾರಾದರೂ ಬಂದರೆ ಮೊದಲು ಪಹಣಿಯನ್ನು ತೆರೆಯಬೇಕು.

ಪಹಣಿಯ 9ನೆಯ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ, 11ನೆಯದರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ನೆಯದರಲ್ಲಿ ಸಾಗುವಳಿ ಹಾಗೂ ಬೆಳೆಯ ವಿವರ ಇರುತ್ತವೆ. ಮಲೆನಾಡಿನಲ್ಲಿ 9ನೆಯ ಕಾಲಂ ತೆರೆದರೆ ಎಷ್ಟೋ ಕಡೆ ಇಂದಿಗೂ ಅಜ್ಜನ ಹೆಸರು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಒಬ್ಬರು ಮೇಲಿನ ತೋಟ, ಇನ್ನೊಬ್ಬರು ಕೆಳಗಿನ ಗದ್ದೆ ಎಂದು ದಶಕಗಳಿಂದ ಮಾಡುತ್ತಿರುತ್ತಾರೆ. ಕಾಗದದಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಇಂಥವರಿಗೆ ಮೊದಲ ಅರ್ಜಿ ವಿಮೆಯದಲ್ಲ, ಪೌತಿ ಖಾತೆಯದು, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದಕ್ಕೆ ಬೇಕಾದದ್ದು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ವಿವರ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. ಬಿಟ್ಟರೆ ಅದು ಕಾನೂನಿಗೆ ವಿರುದ್ಧ, ಮುಂದೆ ತಕರಾರಿಗೂ ದಾರಿ. ಮೇಜಿಗೆ ಕುಳಿತವರು ಇದನ್ನು ಮೃದುವಾಗಿಯಾದರೂ ಹೇಳಲೇಬೇಕು. ಪೌತಿ ಖಾತೆಯಾದ ಮೇಲೆ ಪಾಲು ವಿಂಗಡಿಸಬೇಕಾದರೆ 11ಇ ನಕ್ಷೆ, ಪೋಡಿ ಎಂಬ ಸರ್ವೆ ಕೆಲಸಗಳು ಬರುತ್ತವೆ. ಅವು ಒಂದು ಮಳೆಗಾಲದಲ್ಲಿ ಮುಗಿಯುವಂಥವಲ್ಲ ಎಂದು ಮೊದಲೇ ತಿಳಿಸುವುದು ಒಳ್ಳೆಯದು. ತಾವು ನಿಂತ ಜಾಗದ ಸರ್ವೆ ನಂಬರ್ ಯಾವುದೆಂದು ಅಂದಾಜು ಮಾಡಲು ‘ದಿಶಾಂಕ್’ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಆದರೆ ಗಡಿ ಜಗಳಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿದುಕೊಂಡು ಹೋಗಬಾರದು.

ಮಂಜೂರಾತಿಯಿಲ್ಲದೆ ಸರ್ಕಾರಿ ಭೂಮಿ ಉಳುತ್ತಿರುವ ಬಗರ್‌ಹುಕುಂ ಸಾಗುವಳಿದಾರರು, ಅರಣ್ಯ ಎಂದು ದಾಖಲಾದ ಭೂಮಿಯಲ್ಲಿ ಬದುಕುತ್ತಿರುವವರು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು ಬಿಟ್ಟು ಬಂದು ಹಕ್ಕುಪತ್ರಕ್ಕಾಗಿ ಇಂದಿಗೂ ಕಾಯುತ್ತಿರುವ ಕುಟುಂಬಗಳವರು ಈ ಮೇಜಿಗೆ ಬಂದಾಗ ಸುಳ್ಳು ಭರವಸೆ ಕೊಡಬಾರದು. ಅವರ ಹೆಸರಿನ ಪಹಣಿಯೇ ಇಲ್ಲದಿರುವಾಗ ಯಾವ ತಂತ್ರಾಂಶವೂ ಆ ಕೊರತೆಯನ್ನು ತುಂಬಲಾರದು. ಅವರಿಗೆ ನಾವು ಮಾಡಬಹುದಾದದ್ದು, ಈಗಾಗಲೇ ಸಲ್ಲಿಸಿರುವ ಅರ್ಜಿಗಳ ಸ್ವೀಕೃತಿಗಳನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿಟ್ಟು, ಜಮೀನು ಕೇಳದ ಇತರ ಸೇವೆಗಳನ್ನು, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದವನ್ನು, ಸರಿಯಾಗಿ ತಲುಪಿಸುವುದು.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿಗೆ ರೈತರು ಕಟ್ಟಬೇಕಾದ ಪಾಲು ವಿಮಾ ಮೊತ್ತದ ಶೇಕಡಾ 5. ನೋಂದಣಿಯ ಕೊನೆಯ ದಿನಗಳು ಬರುವುದು ಮುಂಗಾರು ಜೋರಾಗುವ ಹೊತ್ತಿಗೆ, ಅಂದರೆ ಆಗುಂಬೆ, ಮಾಸ್ತಿಕಟ್ಟೆ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುವ ದಿನಗಳಲ್ಲಿ. ಎಫ್‌ಐಡಿ, ಪಹಣಿ, ಬೆಳೆ ಸಮೀಕ್ಷೆ ಈ ಮೂರನ್ನೂ ಮೇ ತಿಂಗಳೊಳಗೆ ನೋಡಿಟ್ಟುಕೊಂಡವರಿಗೆ ಕೊನೆಯ ವಾರದ ನೂಕುನುಗ್ಗಲು ಸೋಕುವುದಿಲ್ಲ.

ಆರನೆಯ ಹೆಜ್ಜೆ: ಅರ್ಜಿ ತುಂಬುವುದು

ಮೊದಲಿನ ಐದು ಹೆಜ್ಜೆ ಸರಿಯಾಗಿದ್ದರೆ ಇದು ಅರ್ಧ ಗಂಟೆಯ ಕೆಲಸ. ಸೇವಾ ಸಿಂಧುವಿನಲ್ಲಿ ಅರ್ಜಿದಾರರ ಸ್ವಂತ ಮೊಬೈಲ್ ಸಂಖ್ಯೆಯಿಂದಲೇ ಖಾತೆ ತೆರೆಯಬೇಕು. ಸಹಾಯ ಮಾಡುವವರ ಸಂಖ್ಯೆಯನ್ನು ಹಾಕುವುದು ಆ ಹೊತ್ತಿಗೆ ಸುಲಭವೆನಿಸಿದರೂ, ಮುಂದಿನ ಎಲ್ಲ ಸಂದೇಶಗಳು ಅವರಿಗೇ ಬಂದು, ಅರ್ಜಿ ಎಲ್ಲಿಗೆ ಬಂತೆಂದು ತಿಳಿಯಲು ಜನ ಮತ್ತೆ ಮತ್ತೆ ಅವರನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ. ಮಧ್ಯವರ್ತಿ ಹುಟ್ಟುವುದು ಹೀಗೆಯೇ.

ದಾಖಲೆಗಳನ್ನು ಹಗಲು ಬೆಳಕಿನಲ್ಲಿ, ಸಮತಟ್ಟಾಗಿ ಇಟ್ಟು, ನಾಲ್ಕೂ ಮೂಲೆ ಕಾಣುವಂತೆ ಸ್ಕ್ಯಾನ್ ಮಾಡಿ, ಅರ್ಜಿ ಹೇಳಿದ ಗಾತ್ರಕ್ಕೆ ಕುಗ್ಗಿಸಬೇಕು. ಕುಗ್ಗಿಸಿದ ಮೇಲೆ ಅಕ್ಷರ ಓದಲು ಬರುತ್ತದೆಯೇ ಎಂದು ತೆರೆದು ನೋಡಬೇಕು. ಅಂಕಪಟ್ಟಿ, ಚಾಲನಾ ಪರವಾನಗಿಯಂಥವು ಡಿಜಿಲಾಕರ್‌ನಲ್ಲಿ ಸಿಗುವುದಾದರೆ ಅಲ್ಲಿಂದಲೇ ತೆಗೆದುಕೊಳ್ಳುವುದು ಉತ್ತಮ, ಅವಕ್ಕೆ ಮೂಲ ದಾಖಲೆಯಷ್ಟೇ ಮಾನ್ಯತೆಯಿದೆ. ಆದಾಯ ಪ್ರಮಾಣಪತ್ರ ಬೇಕೆಂದು ಬಂದವರಿಗೆ ಹೊಸ ಅರ್ಜಿ ಹಾಕುವ ಮೊದಲು ಹಳೆಯದನ್ನು ಹುಡುಕಿಸಿ. ಅದು 5 ವರ್ಷ ಚಾಲ್ತಿಯಲ್ಲಿರುತ್ತದೆ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ಅನೇಕ ಅರ್ಜಿಗಳಿಗೆ ಅಷ್ಟೇ ಸಾಕು.

ಏಳನೆಯ ಹೆಜ್ಜೆ: ಸಂಖ್ಯೆಯನ್ನು ಬಿಡದಿರುವುದು

ಸಕಾಲ ವ್ಯಾಪ್ತಿಯ ಅರ್ಜಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಅರ್ಜಿಯ ಪ್ರತಿಗಿಂತಲೂ ಆ ಸಂಖ್ಯೆ ಮುಖ್ಯ. ಮೇಜಿನಲ್ಲಿ ಒಂದು ದಪ್ಪ ನೋಟ್‌ಬುಕ್ ಇಟ್ಟು ದಿನಾಂಕ, ಹೆಸರು, ಸೇವೆ, ಸಂಖ್ಯೆ, ಕೊಡಬೇಕಾದ ಕೊನೆಯ ದಿನ ಇಷ್ಟನ್ನು ಬರೆದು, ಅದೇ ಸಂಖ್ಯೆಯನ್ನು ಅರ್ಜಿದಾರರ ರೇಷನ್ ಕಾರ್ಡಿನ ಕವರಿನೊಳಗೆ ಒಂದು ಚೀಟಿಯಲ್ಲಿಯೂ ಇಟ್ಟು ಕಳುಹಿಸಬೇಕು. ವಾರಕ್ಕೊಮ್ಮೆ ನೋಟ್‌ಬುಕ್ ತೆರೆದು ಅವಧಿ ಮುಗಿಯುತ್ತಿರುವ ಅರ್ಜಿಗಳ ಸ್ಥಿತಿಯನ್ನು ನೋಡಬೇಕು.

ಅವಧಿ ಮೀರಿದರೆ ಕಾನೂನಿನ ಪ್ರಕಾರ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದೇ ಆದರೂ ಅದು ಹೊಣೆಗಾರ ಅಧಿಕಾರಿಯ ಮೇಲೆ ಬೀಳುವಂಥದ್ದು. ಅನುಭವದಿಂದ ಹೇಳುವುದಾದರೆ, ಜಿಎಸ್‌ಸಿ ಸಂಖ್ಯೆಯನ್ನು ಬರೆದು ವಿಳಂಬದ ಕಾರಣ ಕೇಳಿದ ಒಂದು ಪುಟದ ಪತ್ರಕ್ಕೆ ಇರುವ ತೂಕ ಹತ್ತು ಭೇಟಿಗಳಿಗಿಲ್ಲ. ತಿರಸ್ಕರಿಸಿದ್ದರೆ ಕಾರಣ ಲಿಖಿತವಾಗಿರಬೇಕು. ಆ ಕಾರಣವನ್ನು ಮನೆಯ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು, ಅದನ್ನು ಸರಿಪಡಿಸಿಯೇ ಮತ್ತೆ ಅರ್ಜಿ ಹಾಕಬೇಕು, ಅದೇ ಅರ್ಜಿಯನ್ನು ಮೂರು ಬಾರಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ. ಕಾರಣ ನ್ಯಾಯವೆನಿಸದಿದ್ದರೆ ಸಕ್ಷಮ ಅಧಿಕಾರಿಗೆ, ಆ ನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸುವ ಅವಕಾಶವಿದೆ. ಸಕಾಲದ ಹೊರಗಿನ ದೂರುಗಳಿಗೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902.

ಎಂಟನೆಯ ಹೆಜ್ಜೆ: ನಂಬಿಕೆ ಕೆಡಿಸಿಕೊಳ್ಳದಿರುವುದು

ಇಡೀ ಊರಿನ ಆಧಾರ್ ಪ್ರತಿಗಳು ಒಂದು ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಕೆಲಸ ಮುಗಿದ ದಿನವೇ ಸ್ಕ್ಯಾನ್‌ಗಳನ್ನು ಅಳಿಸಿ, ಡೌನ್‌ಲೋಡ್ ಕಡತವನ್ನೂ ಖಾಲಿ ಮಾಡಿ, ಲಾಗ್‌ಔಟ್ ಆಗಬೇಕು. ಗುರುತಿಗೆ ಮಾತ್ರ ಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಒಟಿಪಿಯನ್ನು ಅರ್ಜಿದಾರರೇ ಓದಿ, ಸಾಧ್ಯವಾದರೆ ಅವರೇ ಟೈಪ್ ಮಾಡಬೇಕು. ಓದಲು ಬಾರದವರಿಗೆ ಆ ಒಟಿಪಿ ಯಾವುದಕ್ಕೆಂದು ಸಂದೇಶವನ್ನು ಪೂರ್ತಿ ಓದಿ ಹೇಳಬೇಕು. ಯಾವ ಸೇವೆಗೆ ಎಷ್ಟು ಸರ್ಕಾರಿ ಶುಲ್ಕ ಎಂಬುದನ್ನು ಗೋಡೆಗೆ ಹಚ್ಚಿ, ಅದರ ಮೇಲೆ ಒಂದು ರೂಪಾಯಿಯನ್ನೂ, ಚಹಾಕ್ಕೆಂದೂ, ಮುಟ್ಟಬಾರದು. ಮೋಸದಿಂದ ಯಾರದಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಬೇಕು.

ಪಂಚಾಯಿತಿಯವರಿಗೂ ಕಚೇರಿಯವರಿಗೂ

ಮೇಜಿನ ನೋಟ್‌ಬುಕ್ ಕೆಲವು ತಿಂಗಳಲ್ಲಿ ಒಂದು ಒಳ್ಳೆಯ ದಾಖಲೆಯಾಗುತ್ತದೆ. ಯಾವ ಸೇವೆಯ ಅರ್ಜಿಗಳು ಯಾವ ಕಾರಣಕ್ಕೆ ಮರಳಿ ಬಂದವು ಎಂಬ ಎಣಿಕೆಯನ್ನು, ಯಾರ ಹೆಸರನ್ನೂ ಹೇಳದೆ, ಗ್ರಾಮಸಭೆಯಲ್ಲಿ ಪಿಡಿಒ ಅವರ ಮುಂದಿಡಬೇಕು. ಒಂದೇ ಕಾರಣ ಪದೇ ಪದೇ ಬರುತ್ತಿದ್ದರೆ ತಪ್ಪು ಜನರದ್ದಲ್ಲ, ಸೂಚನೆಯದ್ದು. ‘ಅಗತ್ಯ ದಾಖಲೆಗಳನ್ನು ಲಗತ್ತಿಸುವುದು’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಪಹಣಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಆಗಿರಬೇಕು, ಬೇರೆಯಿದ್ದರೆ ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ’ ಎಂದು ಬರೆದರೆ ಒಂದು ಪ್ರಯಾಣ ಉಳಿಯುತ್ತದೆ. ಹೊಸ ಸೂಚನಾ ಫಲಕ ಬರೆದಾಗ, ಏಳನೆಯ ತರಗತಿಯವರೆಗೆ ಓದಿದ ಇಬ್ಬರು ಮೂವರಿಗೆ ಅದನ್ನು ಓದಲು ಕೊಟ್ಟು, ಅವರು ಮುಂದೇನು ಮಾಡುತ್ತಾರೆಂದು ಕೇಳಿ ನೋಡಬೇಕು. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಅವು ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುತ್ತದೆ. ಆದರೂ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಟೈಪ್ ಮಾಡಿ ಎಂಬ ಚೌಕದ ಮುಂದೆ, ಕಣ್ಣಿನ ಪೊರೆ ಬೆಳೆದ ಹಿರಿಯರು ಇಂದಿಗೂ ಸೋಲುತ್ತಾರೆ.

ಅಂಥ ಹಿರಿಯರ ಪಟ್ಟಿಯೊಂದನ್ನು ಮೇಜಿನಲ್ಲಿ ಬೇರೆಯಾಗಿಯೇ ಇಡಬೇಕು. ಮಳೆ ನಿಂತು ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿ ಶುರುವಾಗುವ ನವೆಂಬರ್ ತಿಂಗಳಲ್ಲಿಯೇ ನಿವೃತ್ತಿ ವೇತನದಾರರು ಜೀವಂತ ಪ್ರಮಾಣಪತ್ರ ಕೊಡಬೇಕಾಗಿರುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಅದನ್ನು ಮಾಡಿಕೊಡುತ್ತಾರೆ. ಮುಖ ತೋರಿಸಿ ಮೊಬೈಲಿನಲ್ಲಿಯೇ ಮಾಡುವ ದಾರಿಯೂ ಇದೆ. ಪಟ್ಟಿಯಲ್ಲಿರುವವರ ಮನೆಗಳು ಯಾವ ದಾರಿಯಲ್ಲಿವೆ ಎಂದು ಅಕ್ಟೋಬರ್ ಕೊನೆಯಲ್ಲಿ ಪೋಸ್ಟ್‌ಮ್ಯಾನ್ ಜೊತೆ ಕುಳಿತು ಗುರುತು ಹಾಕಿಕೊಂಡು, ಸಿಗ್ನಲ್ ಸಿಗದ ಮನೆಗಳವರನ್ನು ಹತ್ತಿರದ ಸಿಗ್ನಲ್ ಇರುವ ಜಗಲಿಗೆ ಯಾರು, ಯಾವ ದಿನ, ಯಾವ ಗಾಡಿಯಲ್ಲಿ ಕರೆತರಬೇಕೆಂದು ಅಲ್ಲಿಯೇ ಬರೆದುಕೊಳ್ಳಬೇಕು.